ಮೈಕಿನವರ ಕಂಪ್ಯೂಟರು

ಶಿರಸಿಯಲ್ಲಿ ನಾನು ಕಂಪ್ಯೂಟರ್ ಜೋಡಿಸಿ ಮಾರುವ ಕೆಲಸ ಶುರುಮಾಡಿದ್ದು ಸೋದರಮಾವನ ರೇಡಿಯೊ ರಿಪೇರಿ ಅಂಗಡಿಯ ಅರ್ಧ ಭಾಗದಲ್ಲಿ. ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮಾಡಿಕೊಂಡು ಬಂದಿದ್ದೆ. ಒಂದು ಗೋಡೆಗೆ ಮಾವನ ಟ್ರಾನ್ಸಿಸ್ಟರು, ಟೇಪ್ ರೆಕಾರ್ಡರುಗಳು. ಇನ್ನೊಂದು ಗೋಡೆಗೆ ನನ್ನ ಮೇಜು, ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ತಂದ ಬಿಡಿಭಾಗಗಳ ಡಬ್ಬಗಳು. ಬಂದವರು ಸೀದಾ ಮಾವನ ಹತ್ತಿರ ಹೋಗಿ ಕಂಪ್ಯೂಟರ್ ವಿಚಾರಿಸುತ್ತಿದ್ದರು. ಮಾವ ಬೆಸುಗೆಯ ಕಡ್ಡಿಯಿಂದ ಕಣ್ಣು ಕೀಳದೆ, "ಅದೆಲ್ಲ ಆ ಕೂಸಿನ ಹತ್ರ ಕೇಳಿ" ಎನ್ನುತ್ತಿದ್ದ. ಅವರು ಹುಡುಗಿಯಾದ ನನ್ನನ್ನು ನೋಡಿ, ಮತ್ತೆ ಮಾವನನ್ನು ನೋಡಿ, ಆಮೇಲೆ ಈಚೆ ಬರುತ್ತಿದ್ದರು.

ಕೊಳ್ಳುವವರಿಗೆ ಆಗ ಅದು ಏನಕ್ಕೆ ಬೇಕು ಎನ್ನುವುದು ಅಷ್ಟು ಖಚಿತವಿರಲಿಲ್ಲ. ಮಕ್ಕಳ ಓದಿಗೆ ಎನ್ನುತ್ತಿದ್ದರು, ಅಂಗಡಿಯ ಲೆಕ್ಕಕ್ಕೆ ಎನ್ನುತ್ತಿದ್ದರು. ಸಿದ್ದಾಪುರದ ಒಂದು ಮನೆಗೆ ಕೊಟ್ಟುಬಂದ ಯಂತ್ರವನ್ನು ವರ್ಷದ ಮೇಲೆ ನೋಡಲು ಹೋದರೆ, ಅದರ ಮೇಲೆ ಕಸೂತಿ ಬಟ್ಟೆ ಹೊದೆಸಿ, ಮಾನಿಟರಿನ ಹಣೆಗೆ ಕುಂಕುಮವಿಟ್ಟು, ಚೌತಿಯ ದಿನವಷ್ಟೇ ಸ್ವಿಚ್ ಹಾಕಿದ್ದರು. ಹಾಗಾಗಿ, ಇಂಥದ್ದಕ್ಕೇ ಬೇಕು ಎಂದು ತಿಳಿದುಕೊಂಡು ಬಂದ ಗಂಡಹೆಂಡತಿ ನನಗೆ ಚೆನ್ನಾಗಿ ನೆನಪಿದ್ದಾರೆ.

ಗಂಡ ಐವತ್ತರ ಆಸುಪಾಸಿನವರು, ಎತ್ತರದ ಆಳು. ಕುತ್ತಿಗೆಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಂಡಿದ್ದರು. ಕೈಯಲ್ಲಿ ಶಾಲೆಯ ಮಕ್ಕಳ ಸ್ಲೇಟು. ಮಾತಾಡಿದ್ದು ಹೆಂಡತಿ.

"ಕಂಪ್ಯೂಟರ್ ಮಾಡಿಕೊಡೋರು ಯಾರ್ರೀ ಇಲ್ಲಿ?"

"ನಾನೇ ಅಕ್ಕಾ. ಬನ್ನಿ, ಕೂತ್ಕೊಳ್ಳಿ."

"ನಾವು ಯಲ್ಲಾಪುರದಿಂದ ಬಂದೇವ್ರಿ. ಇವರಿಗೆ ಗಂಟಲದ ಆಪರೇಷನ್ ಆಗೇತಿ. ದನಿ ಪೆಟ್ಟಿಗೀನ ತಗದಾರ. ಮಾತು ಬರಂಗಿಲ್ರಿ."

ಅಷ್ಟರಲ್ಲಿ ಮಾವ ಕನ್ನಡಕ ಮೇಲೆತ್ತಿ ಅವರನ್ನೇ ನೋಡಿದ. "ಅರೆ, ಮೈಕಿನವ್ರಲ್ದ! ಎಂತಾತು ಮಾರಾಯ್ರೆ?" ಎಂದು ಎದ್ದು ಬಂದ. ಅವರ ಆಂಪ್ಲಿಫೈಯರುಗಳನ್ನು ಎಷ್ಟೋ ವರ್ಷದಿಂದ ರಿಪೇರಿ ಮಾಡುತ್ತಿದ್ದವನು ಮಾವನೇ.

ಆಗ ನನಗೂ ಗೊತ್ತಾಯಿತು. ಮುಖ ಗೊತ್ತಿರಲಿಲ್ಲ, ದನಿ ಗೊತ್ತಿತ್ತು. ನನ್ನ ಅಜ್ಜನಮನೆ ವಜ್ರಳ್ಳಿಯ ಹತ್ತಿರ. ಬೇಸಿಗೆ ರಜೆಯಲ್ಲಿ ಅಲ್ಲಿದ್ದಾಗ ಜೀಪಿನ ಮೇಲೆ ಮೈಕಿನ ಎರಡು ಕಹಳೆ ಕಟ್ಟಿಕೊಂಡು ಈ ದನಿ ಬರುತ್ತಿತ್ತು. ವಾಲಿಬಾಲ್ ಪಂದ್ಯ, ಟೆಂಟಿನ ಸಿನಿಮಾ, ಕಣ್ಣಿನ ಚಿಕಿತ್ಸೆಯ ಶಿಬಿರ, ಚುನಾವಣೆ, ಎಲ್ಲಕ್ಕೂ ಅದೇ ದನಿ. ಯಲ್ಲಾಪುರದ ಸೀಮೆಯಲ್ಲಿ ಅವರ ಹೆಸರು ಹಿಡಿದು ಕರೆದವರನ್ನು ನಾನು ಕೇಳಿಲ್ಲ. ಎಲ್ಲರಿಗೂ ಅವರು ಮೈಕಿನವರು.

ಅವರು ಸ್ಲೇಟಿನಲ್ಲಿ ಬರೆದು ನನ್ನತ್ತ ಹಿಡಿದರು. "ಕಂಪ್ಯೂಟರ್ ನನ್ನ ಬದಲು ಮಾತಾಡುತ್ತದೆಯೇ?"

ಕನ್ನಡದಲ್ಲಿ ಆಡುವುದಿಲ್ಲ, ಅಂಥದ್ದು ನನಗಂತೂ ಗೊತ್ತಿಲ್ಲ ಎಂದೆ. ಅವರು ಅಂಗೈಯಿಂದ ಸ್ಲೇಟು ಒರೆಸಿದರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಆದರೆ ಮತ್ತೆ ಬರೆದರು: "ಅಕ್ಷರ ಎಷ್ಟು ದೊಡ್ಡದು ಮಾಡಬಹುದು?"

ನಾನು ಕನ್ನಡದ ತಂತ್ರಾಂಶ ತೆರೆದು 'ಬ' ಎಂದು ಒತ್ತಿ, ಗಾತ್ರ ಹೆಚ್ಚಿಸುತ್ತಾ ಹೋದೆ. ಅಕ್ಷರ ಬೆಳೆದು ಬೆಳೆದು ಇಡೀ ತೆರೆಯನ್ನು ತುಂಬಿತು. ಮೈಕಿನವರು ಕುರ್ಚಿಯಿಂದ ಎದ್ದು ಅಂಗಡಿಯ ಹೊರಗೆ ರಸ್ತೆಗಿಳಿದು, ಅಲ್ಲಿಂದ ತಿರುಗಿ ನೋಡಿದರು. ಒಳಗೆ ಬಂದು ಹೆಂಡತಿಗೆ ತಲೆಯಾಡಿಸಿದರು. ವ್ಯಾಪಾರ ಕುದುರಿತು.

ಸ್ಲೇಟೇ ಸಾಕಲ್ಲ ಎಂದು ಊರವರು ಹೇಳುತ್ತಿದ್ದರಂತೆ. ಅದರ ಕಷ್ಟವನ್ನು ಅವರು ಆಮೇಲೆ ನನಗೆ ಬರೆದು ತಿಳಿಸಿದರು. ಸ್ಲೇಟಿನಲ್ಲಿ ಅರ್ಧ ಬರೆಯುವುದರೊಳಗೆ ಎದುರಿನವನು ಉಳಿದರ್ಧವನ್ನು ತಾನೇ ಊಹಿಸಿ ಹೇಳಿಬಿಡುತ್ತಾನೆ. ಹೌದೆನ್ನದಿದ್ದರೆ ಮತ್ತೆ ಒರೆಸಿ ಬರೆಯಬೇಕು. ಜನ ಕಾಯುವುದಿಲ್ಲ. ಕಂಪ್ಯೂಟರಾದರೆ ಹೇಗೂ ಕರಪತ್ರ, ಆಮಂತ್ರಣಗಳ ಕೆಲಸ ಹಿಡಿಯಬಹುದು. ಹಾಗೆಯೇ ಹೇಳಬೇಕಾದದ್ದನ್ನು ಮೊದಲೇ ಟೈಪು ಹೊಡೆದಿಟ್ಟು, ಬಂದವರಿಗೆ ಒಂದೇ ಸಲಕ್ಕೆ ತೋರಿಸಬಹುದು.

ನಾನು ಮಾನಿಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಮಂಚಿಕೇರಿಯ ದಾರಿಯಾಗಿ ಯಲ್ಲಾಪುರಕ್ಕೆ ಹೋದೆ. ಬಸ್ ನಿಲ್ದಾಣದ ಹತ್ತಿರ ಅವರ ಕೋಣೆ. ಹಿಂದಿನ ಬಾಗಿಲು ತೆರೆದರೆ ಮನೆ. ಮೈಕುಗಳನ್ನೆಲ್ಲ ಮಾರಿ ಆಗಿತ್ತು. ಗೋಡೆಯಲ್ಲಿ ಕಹಳೆ ತೂಗುಹಾಕುತ್ತಿದ್ದ ಮೊಳೆಗಳು ಮಾತ್ರ ಉಳಿದಿದ್ದವು. ಮಾನಿಟರನ್ನು ಗಿರಾಕಿಗಳಿಗೆ ಕಾಣುವ ಹಾಗೆ ತಿರುಗಿಸಿ ಇಡಬೇಕೆಂದರು. ಹಾಗಿಟ್ಟರೆ ಹೊಡೆಯುವ ಅವರಿಗೇ ಕಾಣುವುದಿಲ್ಲ. ಕೊನೆಗೆ ಮೇಜನ್ನು ಬಾಗಿಲಿಗೆ ಅಡ್ಡವಾಗಿ ಹಾಕಿ, ಇಬ್ಬರಿಗೂ ಓರೆಯಾಗಿ ಕಾಣುವಂತೆ ಮಾಡಿದೆ.

ಎರಡು ಬೆರಳಿನಲ್ಲಿ ಹೊಡೆಯುವುದನ್ನು ಬೇಗ ಕಲಿತರು. ಕೆಲಸವೂ ಬಂತು. ಬೇರೆಯವರ ಕರಪತ್ರಗಳು ಸರ್ಕಾರದ ನೋಟಿಸಿನಂತಿದ್ದರೆ, ಅವರದನ್ನು ಓದಿದರೆ ಜೀಪಿನಿಂದ ಕೇಳಿದ ಹಾಗಾಗುತ್ತಿತ್ತು. ವಜ್ರಳ್ಳಿಯ ವಾಲಿಬಾಲ್ ಹುಡುಗರು ಅವರ ಕರಪತ್ರವನ್ನೇ ಹಿಡಿದುಕೊಂಡು ಮೈಕಿನಲ್ಲಿ ಓದಿದರಂತೆ.

ಮೊದಲ ಮಳೆಗಾಲದ ಮುಂಚೆ ಗುಡುಗು ಸಿಡಿಲಿಗೆ ಅವರ ಯಂತ್ರದ ಪವರ್ ಸಪ್ಲೈ ಸುಟ್ಟುಹೋಯಿತು. ರಿಪೇರಿಗೆ ಹೋದ ದಿನ ಮೈಕಿನವರು ಪ್ರೆಸ್ಸಿಗೆ ಹೋಗಿದ್ದರು. ಹೆಂಡತಿ ಚಹಾ ತಂದಿಟ್ಟು ಬಾಗಿಲಿಗೆ ಒರಗಿ ಕೂತರು.

"ಅಕ್ಕಾರ, ಒಂದು ಕೇಳ್ಲೇನ್ರಿ? ನಾನು ದಾಸನಕೊಪ್ಪದ ಕಡಿಯಾಕಿ. ಸಾಲಿಗೆ ಹೋದಾಕಿ ಅಲ್ಲ. ಇವರು ಅದರಾಗ ಬರೀತಾರ, ಬಂದ ಮಂದಿ ಓದ್ತಾರ, ನಗತಾರ. ನಾನು ಸುಮ್ಮ ನಿಂತಿರತೇನಿ. ಏನಂದ್ರು ಅಂತ ಮಂದೀನ ಕೇಳಬೇಕು. ಗಂಡನ ಮಾತು ಮಂದಿ ಬಾಯಾಗ ಕೇಳೋದು ಹೆಂಗ ಅನಸ್ತದ ಹೇಳ್ರಿ?"

ನನಗೆ ಇದು ಹೊಳೆದೇ ಇರಲಿಲ್ಲ. ಮನೆಯೊಳಗೆ ಗಂಡನ ಚಪ್ಪಾಳೆ, ಕೈಸನ್ನೆಗಳಲ್ಲೇ ಇಬ್ಬರೂ ದಿನ ದೂಡುತ್ತಿದ್ದರು. ಊಟಕ್ಕೆ, ನೀರಿಗೆ, ದೀಪಕ್ಕೆ ಸನ್ನೆ ಸಾಕಾಗುತ್ತದೆ. ಅದಕ್ಕಿಂತ ಆಚೆಯದಕ್ಕೆ ಸಾಕಾಗುವುದಿಲ್ಲ.

"ಚಂದಗುಳಿ ಗಣಪತಿಗೆ ಗಂಟಿ ಕಟ್ಟತೇನಿ ಅಂತ ಹರಕಿ ಹೊತ್ತಿದ್ದೆ" ಎಂದರು ಆಕೆ. "ಜೀವ ಉಳೀಲಿ ಅಂತ ಬೇಡ್ಕೊಂಡೆ. ಉಳೀತು, ಗಂಟೀನೂ ಕಟ್ಟಿ ಬಂದೆ. ದನಿ ಉಳೀಲಿ ಅಂತ ಬೇಡ್ಕೊಳ್ಳಾಕ ನೆನಪಾಗ್ಲೇ ಇಲ್ಲ ನೋಡ್ರಿ."

ಓದಲು ಕಲಿಯಬಹುದಲ್ಲ ಎಂದೆ. ಅವರೇ ಹೇಳಿಕೊಡಲಿ ಎನ್ನಲು ಹೋಗಿ ತಡೆದೆ. ಇದು 'ಕ', ಇದು 'ಬ' ಎಂದು ಬಾಯಲ್ಲಿ ಹೇಳದೆ ಅಕ್ಷರ ಕಲಿಸುವುದು ಹೇಗೆ? ಗಂಡ ಮನೆಯಲ್ಲಿದ್ದೂ ಅದೊಂದನ್ನು ಮಾಡಲಾರರು. ನೆರೆಹೊರೆಯವರ ಹತ್ತಿರ ಹೋಗಿ ಕೂರಲು ಈ ವಯಸ್ಸಿನಲ್ಲಿ ಆಕೆಗೆ ನಾಚಿಕೆ.

ಚಹಾದ ಲೋಟ ತೆಗೆದುಕೊಳ್ಳುತ್ತ ಆಕೆಯೇ ಹೇಳಿದರು. "ಇವರ ದನೀದು ಕ್ಯಾಸೆಟ್ ಅದಾವ್ರಿ. ಗಂಟಲ ಕಟ್ಟಿದಾಗ ಜೀಪಿನ್ಯಾಗ ಹಚ್ಚಾಕ ಅಂತ ತುಂಬಿಸಿಟ್ಟಿದ್ರು. ಟ್ರಂಕಿನ್ಯಾಗ ಇಟ್ಟು ಬೀಗ ಹಾಕ್ಯಾರ."

ಮೈಕಿನವರು ಬಂದ ಮೇಲೆ ನಾನು ವಿಷಯ ಎತ್ತಿದೆ. ಆ ಕ್ಯಾಸೆಟ್‌ಗಳ ಮಾತನ್ನು ಕಂಪ್ಯೂಟರಿಗೆ ಹಾಕಿ, ಪದ ಪದವಾಗಿ ಕತ್ತರಿಸಿ ಕೊಡುತ್ತೇನೆ. ತೆರೆಯ ಮೇಲೆ ಪದ ಕಾಣುತ್ತದೆ, ಒತ್ತಿದರೆ ನಿಮ್ಮ ದನಿಯಲ್ಲೇ ಕೇಳುತ್ತದೆ. ಅಕ್ಕ ಅದನ್ನು ನೋಡಿಕೊಂಡು ಕಲಿಯಬಹುದು. ಅವರ ಮುಖ ಬಿಗಿಯಾಯಿತು. ಹೆಂಡತಿಯ ಕಡೆ ನೋಡಿದರು. ಕೀಲಿಮಣೆಗೆ ಕೈ ಹಾಕಲೂ ಇಲ್ಲ, ಚಪ್ಪಲಿ ಮೆಟ್ಟಿ ಹೊರಟೇಹೋದರು. ನಾನು ಸಾಮಾನು ಕಟ್ಟಿಕೊಂಡು ಬಸ್ ಹತ್ತಿದೆ. ದಾರಿಯುದ್ದಕ್ಕೂ ಅವರದೇ ಯೋಚನೆ. ಸತ್ತವರ ದನಿಯನ್ನು ಕೇಳಲು ಜನ ಹಂಬಲಿಸುತ್ತಾರೆ. ಬದುಕಿರುವ ಮನುಷ್ಯ ಕಳೆದುಕೊಂಡ ತನ್ನದೇ ದನಿಯನ್ನು ಹೇಗೆ ಕೇಳಿಯಾನು?

ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ಒಬ್ಬರೇ ನಮ್ಮ ಅಂಗಡಿಗೆ ಬಂದು, ಕೈಚೀಲದಿಂದ ಕ್ಯಾಸೆಟ್‌ಗಳನ್ನು ತೆಗೆದು ಮೇಜಿನ ಮೇಲಿಟ್ಟರು. ಸ್ಲೇಟು ತಂದಿರಲಿಲ್ಲ. ನನ್ನ ಕಂಪ್ಯೂಟರಿನ ಮುಂದೆ ಕೂತು ಹೊಡೆದರು: "ನಾನು ಹೊರಗೆ ಹೋಗಿರುತ್ತೇನೆ. ಮುಗಿದ ಮೇಲೆ ಕರೆಯಿರಿ."

"ಇದು ಒಂದು ದಿನದ ಕೆಲಸ ಅಲ್ಲ" ಎಂದೆ. ಅವರು ಕೈ ಮುಗಿದು ಹೊರಟರು.

ಕೆಲಸ ಹೇಗೆ ಮಾಡುವುದೆಂದು ನನಗೆ ಪೂರ್ತಿ ಗೊತ್ತಿರಲಿಲ್ಲ. ಮಾವ ಕೇಳಿ ನಕ್ಕ. "ಅದಕ್ಕೆಂತ ತಂಗಿ, ಟೇಪಿನ ಇಯರ್‌ಫೋನ್ ತೂತಿಂದ ನಿನ್ನ ಡಬ್ಬಕ್ಕೆ ಒಂದು ವೈರ್ ಎಳೆದ್ರೆ ಆತು. ವೈರ್ ನಾನೇ ಮಾಡಿಕೊಡ್ತೆ." ಮಾಡಿಯೂ ಕೊಟ್ಟ. ಕ್ಯಾಸೆಟ್ ಹಾಕುತ್ತಿದ್ದಂತೆ ಅಂಗಡಿಯ ತುಂಬ ಆ ದನಿ. "ಪಟ್ಟಣದ ಮಹಾಜನರೇ, ಇಂದು ಸಂಜೆ..." ಎದುರಿನ ಹೋಟೆಲಿನಲ್ಲಿ ಕೂತಿದ್ದವರು ತಿರುಗಿ ನೋಡಿದರು. ಮಾವ ಬೆಸುಗೆ ನಿಲ್ಲಿಸಿ ಸುಮ್ಮನೆ ಕೇಳುತ್ತ ಕೂತ.

ಬಿಡುವಾದಾಗಲೆಲ್ಲ ನಾನು ಆ ಮಾತನ್ನು ಕತ್ತರಿಸಿದೆ. ಇಂದು. ನಾಳೆ. ಸಂಜೆ. ಬನ್ನಿ. ನೀರು. ಕುಡಿಯುವ ನೀರು ಬರುವುದಿಲ್ಲ ಎಂಬ ಪಟ್ಟಣ ಪಂಚಾಯತಿಯ ಪ್ರಕಟಣೆಯೊಂದು ಅದರಲ್ಲಿತ್ತು. ಸಂಸಾರಕ್ಕೆ ಬೇಕಾದ ಎಷ್ಟೋ ಪದಗಳು ಅದರಲ್ಲೇ ಸಿಕ್ಕವು. 'ಮರೆತು ನಿರಾಶರಾಗದಿರಿ' ಎಂಬುದು ಮಾತ್ರ ಎಲ್ಲ ಕ್ಯಾಸೆಟ್‌ಗಳಲ್ಲೂ ಇತ್ತು.

ಯಲ್ಲಾಪುರಕ್ಕೆ ತೆಗೆದುಕೊಂಡು ಹೋಗಿ ಅವರ ಯಂತ್ರಕ್ಕೆ ಹಾಕಿದ ದಿನ ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಇಲಿಯನ್ನು ಮುಟ್ಟಿದರು. ಮೌಸನ್ನು ಆಕೆ ಇಲಿ ಎಂದೇ ಕರೆಯುತ್ತಿದ್ದದ್ದು. 'ಬನ್ನಿ' ಎಂಬ ಪದದ ಮೇಲೆ ಒತ್ತಿದೆವು. ಗಂಡನ ದನಿ ಬಂತು. ಆಕೆ ಬೆನ್ನು ತಿರುಗಿಸಿ ಒಳಗೆ ಹೋದರು. ಮೈಕಿನವರು ಅಲ್ಲೇ ಗೋಡೆ ನೋಡುತ್ತ ನಿಂತಿದ್ದರು. ಸ್ವಲ್ಪ ಹೊತ್ತಿಗೆ ಮುಖ ತೊಳೆದುಕೊಂಡು ಬಂದ ಆಕೆ, "ಇನ್ನೊಮ್ಮೆ ಹಚ್ಚರಿ" ಎಂದರು. ಈ ಸಲ ಒತ್ತಿದ್ದು ಮೈಕಿನವರು.

ಆ ಪ್ರಕಟಣೆಗಳೆಲ್ಲ ಆಕೆಗೆ ಬಾಯಿಪಾಠ. ಮುಂದೆ ಯಾವ ಪದ ಬರುತ್ತದೆಂದು ಕಿವಿಗೆ ಗೊತ್ತಿತ್ತು, ಕಣ್ಣಿಗೆ ಗೊತ್ತಾಗಬೇಕಿತ್ತು ಅಷ್ಟೇ. ಮಧ್ಯಾಹ್ನ ಅಂಗಡಿಗೆ ಜನ ಇಲ್ಲದ ಹೊತ್ತಿನಲ್ಲಿ ಗಂಡ ಪೆನ್ಸಿಲಿನ ತುದಿಯಿಂದ ಒಂದೊಂದೇ ಅಕ್ಷರ ತೋರಿಸುತ್ತಿದ್ದರಂತೆ. ಒತ್ತಕ್ಷರ ಬಂದಲ್ಲಿ ಆಕೆಗೆ ಸಿಟ್ಟು. "ಇದ್ಯಾಕ್ರಿ ಇನ್ನೊಂದರ ಕಾಲಾಗ ಬಂದು ಕೂಡ್ತದ?" ಎಂದು ನನ್ನನ್ನೂ ಕೇಳಿದ್ದರು.

ಬಹುಶಃ ವರ್ಷ ಕಳೆದಿರಬೇಕು. ಒಂದು ದಿನ ಅವರ ಪ್ರಿಂಟರ್ ನೋಡಲು ಹೋದೆ. ಹೊರಗಿನಿಂದಲೇ ಆಕೆಯ ಏರಿದ ದನಿ ಕೇಳಿತು. ಒಂದಷ್ಟು ಕೂಗಾಟ, ಆಮೇಲೆ ಕೀಲಿಗಳ ಟಕಟಕ, ಮತ್ತೆ ಕೂಗಾಟ. ಬಾಗಿಲಲ್ಲಿ ನಿಂತು ನೋಡಿದರೆ ಇಬ್ಬರೂ ಜಗಳಕ್ಕೆ ಬಿದ್ದಿದ್ದರು. ದಾಸನಕೊಪ್ಪದ ತಮ್ಮನ ಮನೆಯ ಕಾರ್ಯಕ್ಕೆ ಆಕೆ ಹೊರಟಿದ್ದಾರೆ, ಇವರು ಬರುವುದಿಲ್ಲ ಎನ್ನುತ್ತಾರೆ.

ಆಕೆ ತೆರೆಗೆ ಮುಖವಿಟ್ಟು ಓದಿದರು. "ನಾನು... ಅಲ್ಲಿ... ಬಂದು... ಏನು... ಮಾಡಲಿ. ಏನ್ ಮಾಡ್ಲಿ ಅಂದ್ರ? ಉಣ್ರಿ, ಕೂಡ್ರಿ! ನಿಮ್ಮನ್ನ ಭಾಷಣ ಮಾಡಾಕ ಕರದಾರೇನ?"

ಮೈಕಿನವರು ಮತ್ತೆ ಕೀಲಿ ಬಡಿಯತೊಡಗಿದರು. ಅರ್ಧದಲ್ಲಿ ಕರೆಂಟ್ ಹೋಯಿತು. ತೆರೆ ಕಪ್ಪಾಯಿತು. ಅವರು ಕೈಗಳನ್ನು ಕೀಲಿಮಣೆಯ ಮೇಲೆಯೇ ಇಟ್ಟುಕೊಂಡು ಕೂತರು. ಆಕೆಯೂ ಬಾಯಿ ಮುಚ್ಚಿ ಸ್ಟೂಲಿನ ಮೇಲೆ ಕೂತರು. ನಾನು ಬಂದದ್ದನ್ನು ಆಗ ನೋಡಿ, "ಬರ್ರಿ ಅಕ್ಕಾರ, ಕುಂದರ್ರಿ" ಎಂದರು.

"ಜಗಳ ನಿಲ್ಲಿಸಿಬಿಟ್ರಲ್ಲ" ಎಂದೆ.

"ಕರೆಂಟ್ ಬರಲಿ. ಅವರಿಗೆ ತಿರುಗಿ ಹೇಳಾಕ ಆಗಂಗಿಲ್ಲಲ್ಲ, ನಾನೊಬ್ಬಾಕೀನ ಮಾತಾಡಿದರ ಹೆಂಗ?"

ಮೂವರೂ ಸುಮ್ಮನೆ ಕಾದೆವು. ಕರೆಂಟ್ ಬಂದು ಯಂತ್ರ ಶುರುವಾಗುವುದರೊಳಗೆ ಇಬ್ಬರ ಸಿಟ್ಟೂ ಇಳಿದಿತ್ತು. ಆದರೂ ಅವರು ಬಿಟ್ಟುಹೋದ ಮಾತನ್ನು ಮೊದಲಿನಿಂದ ಹೊಡೆದರು, ಆಕೆ ಪೂರ್ತಿ ಓದಿದರು. ಕಾರ್ಯಕ್ಕೆ ಇಬ್ಬರೂ ಹೋದರೆಂದು ಆಮೇಲೆ ತಿಳಿಯಿತು.

ಕೆಲವು ವರ್ಷ ಹೀಗೆ ಚೆನ್ನಾಗಿಯೇ ನಡೆಯಿತು. ಆಕೆಯೂ ಕೀಲಿಗಳನ್ನು ಕಲಿತು, ಸಣ್ಣಪುಟ್ಟ ಕೆಲಸಗಳನ್ನು ತಾನೇ ಮಾಡುತ್ತಿದ್ದರು. ಆಮೇಲೆ ರೋಗ ಮರಳಿ ಬಂತು. ಈ ಸಲ ಡಾಕ್ಟರು ಆಪರೇಷನ್ ಮಾತೆತ್ತಲಿಲ್ಲ. ಮೈಕಿನವರನ್ನು ಮಾತಾಡಿಸಿ ಬರಲು ನಾನೂ ಮಾವನೂ ಹೋದಾಗ ಮನೆ ತುಂಬ ನೆಂಟರು. ಕಂಪ್ಯೂಟರನ್ನು ಒಳಮನೆಗೆ, ಅವರ ಮಂಚದ ಪಕ್ಕಕ್ಕೆ ತಂದಿದ್ದರು. ಕೀಲಿಮಣೆ ಅವರ ಹೊದಿಕೆಯ ಮೇಲೆ.

ಅಲ್ಲಿ ಒಂದು ಹೊಸ ಸಂಗತಿ ನೋಡಿದೆ. ಅವರಿಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. ಆಕೆ ಬಾಯಲ್ಲೇ ಹೇಳಿದರೆ ಸಾಕಿತ್ತು. ಆದರೆ ಆಕೆ ಹಾಸಿಗೆಯ ಅಂಚಿಗೆ ಕೂತು, ಕೀಲಿಮಣೆಯನ್ನು ತನ್ನ ಕಡೆ ಎಳೆದುಕೊಂಡು ಏನೋ ಹೊಡೆದರು. ಅವರು ಓದಿ, ಎಳೆದುಕೊಂಡು ತಾವೂ ಹೊಡೆದರು. ಮತ್ತೆ ಆಕೆ. ಸುತ್ತ ಕೂತ ನೆಂಟರು ಮಳೆಯ ಬಗ್ಗೆ, ಬಸ್ಸಿನ ಬಗ್ಗೆ ಮಾತಾಡುತ್ತಲೇ ಇದ್ದರು. ಅಷ್ಟು ಜನರ ನಡುವೆ ಅವರಿಬ್ಬರೇ ಇದ್ದ ಹಾಗಿತ್ತು. ನಾನು ತೆರೆಯ ಕಡೆ ನೋಡದೆ ಮುಖ ತಿರುಗಿಸಿದೆ. ಮಾವನೂ ಕಿಟಕಿಯ ಹೊರಗೆ ನೋಡುತ್ತಿದ್ದ.

ಆ ಮಳೆಗಾಲ ಮುಗಿಯುವ ಮೊದಲು ಅವರು ತೀರಿಕೊಂಡರು. ಆಕೆ ಅಂಗಡಿ ಮುಚ್ಚಲಿಲ್ಲ. ಕರಪತ್ರ, ಆಮಂತ್ರಣ, ಬಾಡಿಗೆಗಿದೆ ಎಂಬ ಬೋರ್ಡು, ಯಾರು ಏನು ಕೇಳಿದರೂ ಮಾಡಿಕೊಟ್ಟರು.

ಎಷ್ಟೋ ದಿನಗಳ ಮೇಲೆ, ಆಕೆಗೆ ಹೊಸ ಮಾನಿಟರ್ ಕೂಡಿಸಲು ಹೋಗಿದ್ದಾಗ, ಧೈರ್ಯ ಮಾಡಿ ಕೇಳಿದೆ. "ಅವತ್ತು ನೆಂಟರೆಲ್ಲ ಇದ್ದಾಗ ಇಬ್ಬರೂ ಬರ್ಕೊಳ್ತಾ ಇದ್ರಲ್ಲ ಅಕ್ಕಾ, ನಾನು ನೋಡಲಿಲ್ಲ. ಏನಾದರೂ ಮುಖ್ಯವಾದ್ದು ಇತ್ತಾ?"

ಆಕೆ ನೆನಪು ಮಾಡಿಕೊಂಡು ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

"ಅಷ್ಟು ಮಂದಿ ಊಟಕ್ಕ ಕುಂತ್ರ ಅನ್ನ ಸಾಲಂಗಿಲ್ಲ, ಏನ್ ಮಾಡ್ಲಿ ಅಂತ ಕೇಳಿದ್ದೆ. ಅವಲಕ್ಕಿ ಕಲಸು ಅಂದಿದ್ರು."