ಕಣ್ಣಾಂಪೊಟ್ಟಿ

ಬೆಳಿಗ್ಗೆ ಹನ್ನೊಂದೂ ಇಪ್ಪತ್ತಕ್ಕೆ ಆಸ್ಪತ್ರೆಯ ಗೇಟಿನೊಳಗೆ ಆಟೋ ನುಗ್ಗಿದ ಸದ್ದು ಕೇಳಿತು. ಕೋವಿಡ್ ಗಲಾಟೆ ಅಡಗಿದ ಮರುವರ್ಷ, ಬ್ಯಾರನ್ ಮನೆಗಳಲ್ಲಿ ಬೆಂಕಿ ಹಾಕಿ ತಂಬಾಕು ಬೇಯಿಸುವ ಕಾಲ. ಪಿರಿಯಾಪಟ್ಟಣ ತಾಲ್ಲೂಕಿನ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ನಾನು ನೇತ್ರಾಧಿಕಾರಿ. ಹುದ್ದೆಯ ಹೆಸರು ದೊಡ್ಡದು. ಕೆಲಸವೆಂದರೆ ದೃಷ್ಟಿ ಪರೀಕ್ಷಿಸಿ ಕನ್ನಡಕದ ಚೀಟಿ ಬರೆಯುವುದು, ಪೊರೆ ಬಂದವರನ್ನು ಮೈಸೂರಿನ ಕಣ್ಣಿನ ಡಾಕ್ಟರ ಬಳಿಗೆ ಕಳಿಸುವುದು. ನಮ್ಮ ವೈದ್ಯರು ಅಂದು ಮೀಟಿಂಗಿಗೆ ಹುಣಸೂರಿಗೆ ಹೋಗಿದ್ದರು.

ಆಟೋದಿಂದ ಇಳಿದವರು ರಾವಂದೂರು ಕಡೆಯ ಚೆಲುವಮ್ಮ. ಗಂಡ ಸ್ವಾಮಿಗೌಡರು ತೋಳು ಹಿಡಿದು ನಡೆಸುತ್ತಿದ್ದರು. ನನಗೆ ಅವರ ಪರಿಚಯವಿತ್ತು. ಚಿಕ್ಕಂದಿನಲ್ಲಿ ಭತ್ತದ ಗರಿ ತಗುಲಿ ಎಡಗಣ್ಣು ಬೆಳ್ಳಗಾಗಿ ಹೋಗಿತ್ತು. ಅಡುಗೆ, ಹೊಲ, ಬೆಂದ ತಂಬಾಕಿನ ಬಣ್ಣ ನೋಡಿ ಎಲೆ ವಿಂಗಡಿಸುವುದು, ಎಲ್ಲವೂ ಬಲಗಣ್ಣೊಂದರಲ್ಲೇ. ಅವರು ಸೆರಗಿನಿಂದ ಒತ್ತಿ ಹಿಡಿದಿದ್ದು ಆ ಬಲಗಣ್ಣನ್ನು.

"ಕೆಂಡ ಮಡಗ್ದಂಗೆ ಉರೀತದೆ ಸಾ. ಏನೂ ಕಾಣಾಕಿಲ್ಲ."

"ಏನು ಹಾಕಿದ್ರಿ?"

"ಔಸ್ದಿ ಸಾ," ಎಂದರು ಸ್ವಾಮಿಗೌಡರು. "ಕಣ್ಣಿನ ಪಟ್ಟಿ ಔಸ್ದಿ."

ಕಣ್ಣಿಗೆ ಏನೇ ಬಿದ್ದರೂ ಮೊದಲು ತೊಳೆಯಬೇಕು, ಪ್ರಶ್ನೆ ಆಮೇಲೆ. ಮಲಗಿಸಿ, ಸಲೈನ್ ಬಾಟಲಿ ತೂಗುಹಾಕಿ, ಕಣ್ಣಿನ ಮೂಲೆಗೆ ಧಾರೆ ಬಿಟ್ಟೆ. ಸುಣ್ಣವಿರಬಹುದೆಂದು ಪಿಎಚ್ ಕಾಗದ ತಾಗಿಸಿದೆ. ಆಮ್ಲ ಅಥವಾ ಕ್ಷಾರ ಇದ್ದರೆ ಬಣ್ಣ ತಿರುಗುವ ಕಾಗದ ಅದು. ತಿರುಗಲಿಲ್ಲ. ಉರಿ ಸ್ವಲ್ಪ ತಗ್ಗಿದೆ ಎಂದರು ಚೆಲುವಮ್ಮ. ಬಾಟಲಿಯೂ ಮುಗಿಯಿತು. ಮುಲಾಮು ಹಾಕಿ ಪ್ಯಾಡ್ ಕಟ್ಟಲು ಹತ್ತಿ ಕೈಗೆತ್ತಿಕೊಂಡಿದ್ದೆ. ಈಗಲೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಆ ಹತ್ತಿಯ ಮುಂದೆಯೇ.

"ಯಾವ ಅಂಗಡೀದು ಆ ಔಷಧಿ?" ಎಂದು ಕೇಳಿದೆ, ಸುಮ್ಮನೆ.

"ಅಂಗ್ಡೀದಲ್ಲ ಸಾ," ಎಂದರು ಚೆಲುವಮ್ಮ. "ಪಕ್ಕದ ಹೊಲದ ಮಲಯಾಳದಣ್ಣನ ಶೆಡ್ಡಲ್ಲಿ ಗಿಡ ಐತೆ. ಬ್ಯಾರನ್ ಹೊಗೆಗೆ ಕಣ್ಣು ಕೆಂಪಗಾಗಿತ್ತಾ, ಎಲೆ ಮುರಿದು ಹಾಲನ್ನ ಬಟ್ಟೆಗೆ ಹಿಂಡಿ ಕಟ್ಕಂಡೆ. ಅವ್ನೇ ಅಂದಿದ್ದ, ಕಣ್ಣಂಪಟ್ಟಿ ಅಂತ."

ಶುಂಠಿ ಬೆಳೆಯಲು ಜಮೀನು ಗುತ್ತಿಗೆ ಹಿಡಿದು ಬರುವ ಕೇರಳದವರು ನಮ್ಮ ಕಡೆ ಬಹಳ. ಈ ಮಲಯಾಳದಣ್ಣ ದಾಮೋದರನ್ ಕಣ್ಣೂರಿನ ಹಿನ್ನೀರಿನ ಊರಿನವರು. ಸ್ವಾಮಿಗೌಡರ ಫೋನಿನಿಂದಲೇ ಅವರಿಗೆ ಕರೆ ಮಾಡಿದೆ.

"ಅಯ್ಯೋ ಸಾರ್, ಅದು ಕಣ್ಣಾಂಪೊಟ್ಟಿ! ಔಷಧಿ ಅಲ್ಲ, ಕಣ್ಣು ಪೊಟ್ಟುಂ ಅಂತ. ನಾನು ಕೈಯಲ್ಲೂ ಮಾಡಿ ತೋರಿಸಿದ್ದೆ!"

ಮಲಯಾಳದಲ್ಲಿ ಪೊಟ್ಟುವುದೆಂದರೆ ಒಡೆಯುವುದು. ಬೆರಳು ಕೂಡಿಸಿ ಕಣ್ಣಿನ ಮುಂದೆ ಫಟ್ಟನೆ ಬಿಡಿಸಿ ಅವರು ಎಚ್ಚರ ಹೇಳಿದ್ದರು. ಚೆಲುವಮ್ಮ ಪೊಟ್ಟಿಯನ್ನು ಪಟ್ಟಿ ಎಂದು ಕೇಳಿಸಿಕೊಂಡು, ಆ ಕೈಸನ್ನೆಯನ್ನು ಹಿಂಡಿ ಬಿಡುವ ಕ್ರಮ ಎಂದುಕೊಂಡಿದ್ದರು.

ಹತ್ತಿ ಕೆಳಗಿಟ್ಟೆ. ಮೇಲಿನ ರೆಪ್ಪೆಯನ್ನು ಮಗುಚಿ ನೋಡಿದರೆ ಒಳಗೆ, ಮೂಲೆಯಲ್ಲಿ, ಹೆಪ್ಪುಗಟ್ಟಿದ ಹಾಲಿನ ಬಿಳಿ ಎಳೆ. ಪ್ಯಾಡ್ ಕಟ್ಟಿದ್ದರೆ ಆ ವಿಷ ರೆಪ್ಪೆಯಡಿ ಕೂತು ಕರಿಗುಡ್ಡೆಯನ್ನು ಸುಡುತ್ತಲೇ ಇರುತ್ತಿತ್ತು. ಒದ್ದೆ ಹತ್ತಿಕಡ್ಡಿಯಿಂದ ಅದನ್ನು ತೆಗೆದು ಮತ್ತೆ ಧಾರೆ ಬಿಟ್ಟೆ. ಫ್ಲೋರೆಸಿನ್ ಎಂಬ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡಿದಾಗ ಕರಿಗುಡ್ಡೆಯ ಅರ್ಧಭಾಗ ಹಸಿರಾಗಿ ಹೊಳೆಯಿತು. ಅಷ್ಟೂ ಕಡೆ ಮೇಲ್ಪೊರೆ ಸುಲಿದಿದೆ ಎಂದರ್ಥ. ಆಂಬುಲೆನ್ಸಿನಲ್ಲಿ ಹುಣಸೂರು ದಾಟಿ ಮೈಸೂರಿನವರೆಗೂ ಬಾಟಲಿ ಎತ್ತಿ ಹಿಡಿದು ಕೂತಿದ್ದೆ.

"ಈಗಲೇ ಏನೂ ಹೇಳೋಕಾಗಲ್ಲ," ಎಂದರು ಅಲ್ಲಿನ ಡಾಕ್ಟರು.

ಬಸ್ಸು ಹಿಡಿದು ಒಬ್ಬನೇ ಕ್ವಾರ್ಟರ್ಸಿಗೆ ಬಂದೆ. ಬೀಗ ತೆಗೆದರೆ ಬೆಳಿಗ್ಗೆ ಕುಡಿದಿಟ್ಟ ಲೋಟ ಅಲ್ಲೇ ಇತ್ತು. ಹೇಳಿಕೊಳ್ಳಲು ಮನೆಯಲ್ಲಿ ಯಾರೂ ಇಲ್ಲ. ಆಮೇಲಿನ ರಾತ್ರಿಗಳಲ್ಲಿ ಕರೆಂಟು ಹೋಗಿ ಫ್ಯಾನು ನಿಂತೊಡನೆ ಎಚ್ಚರವಾಗುತ್ತಿತ್ತು. ಕಣ್ಣು ಬಿಟ್ಟರೂ ಕತ್ತಲೆ. ನನ್ನ ಕಣ್ಣೇ ಹೋಯಿತೆಂದು ಎದೆ ಹೊಡೆದುಕೊಳ್ಳುತ್ತಿತ್ತು. ಮೊಬೈಲಿಗಾಗಿ ತಡಕಾಡಿ, ಅದರ ಬೆಳಕಿನಲ್ಲಿ ಅಂಗೈ ಗೆರೆ ಕಂಡ ಮೇಲೆ ಉಸಿರು ಬರುತ್ತಿತ್ತು.

ನಿದ್ದೆ ಬಾರದ ಹೊತ್ತಿನಲ್ಲಿ ಆ ಗಿಡದ ಬಗ್ಗೆ ಓದಿದೆ. ಉಪ್ಪುನೀರಿನ ಅಂಚಿನಲ್ಲಿ ಬೆಳೆಯುವ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಜಾತಿ. ಎಕ್ಸೋಕೇರಿಯಾ ಎಂಬ ಅದರ ಶಾಸ್ತ್ರೀಯ ಹೆಸರಿನೊಳಗೂ ಕುರುಡು ಮಾಡುವುದು ಎಂಬ ಲ್ಯಾಟಿನ್ ಮಾತಿದೆ. ಕರಾವಳಿಯವರು ಇದರ ಹಾಲನ್ನು ಮಾಯದ ಹುಣ್ಣಿಗೆ, ಹೊಗೆಯನ್ನು ಕುಷ್ಠಕ್ಕೆ, ಬೇರನ್ನು ಶುಂಠಿಯೊಡನೆ ಅರೆದು ಕೈಕಾಲಿನ ಊತಕ್ಕೆ ಬಳಸುತ್ತಿದ್ದರಂತೆ. ಎಲೆ, ತೊಗಟೆಯ ಸಾರ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುವುದು, ಉರಿಯೂತ ತಗ್ಗಿಸುವುದು ಪ್ರಯೋಗಾಲಯದಲ್ಲಿ ಕಂಡಿದೆ. ಆದರೆ ಗಾಜಿನ ತಟ್ಟೆಯಲ್ಲಿ, ಇಲಿಯ ಮೈಯಲ್ಲಿ ಕಂಡದ್ದು ಮನುಷ್ಯನಿಗೆ ಮದ್ದಾಗಿಬಿಡುವುದಿಲ್ಲ. ಮನುಷ್ಯರ ಮೇಲೆ ಸರಿಯಾಗಿ ನಡೆದ ಪರೀಕ್ಷೆ ನನಗೊಂದೂ ಸಿಗಲಿಲ್ಲ. ಹಾಲು ಚರ್ಮದಲ್ಲಿ ಬೊಬ್ಬೆ ಏಳಿಸುತ್ತದೆ, ಕಣ್ಣನ್ನು ಸುಡುತ್ತದೆ ಎಂಬುದರಲ್ಲಿ ಮಾತ್ರ ಹಳಬರಿಗೂ ವಿಜ್ಞಾನಿಗಳಿಗೂ ಭಿನ್ನಾಭಿಪ್ರಾಯವಿಲ್ಲ.

ಭಾನುವಾರ ಶುಂಠಿ ಶೆಡ್ಡಿಗೆ ಹೋದೆ. ಗಿಡ ಹಳೆಯ ಪೇಂಟ್ ಬಕೆಟ್ಟಿನಲ್ಲಿತ್ತು. ಮಣ್ಣಿನ ಮೇಲೆ ಬಿಳಿ ಹರಳು.

"ಉಪ್ಪು ಸಾರ್," ಎಂದರು ದಾಮೋದರನ್. "ದಿನಾ ಒಂದು ಚಿಟಿಕೆ. ಅಮ್ಮನ ಕಾಲಿನ ಹುಣ್ಣಿಗೆ ಇದರ ಹಾಲು ಹಚ್ಚುತ್ತಿದ್ದರು. ನನಗೆ ಹುಣ್ಣೇನೂ ಇಲ್ಲ. ಸಂಜೆ ಇದರ ಪಕ್ಕ ಕೂತರೆ ಊರು ಹತ್ತಿರ ಇದೆ ಅನ್ನಿಸುತ್ತೆ, ಅಷ್ಟೇ."

ಅಷ್ಟರಲ್ಲಿ ಸ್ವಾಮಿಗೌಡರು ಬಂದರು. "ಊರ್ ನೆಪ್ಪಾದ್ರೆ ಬಸ್ ಹತ್ತಪ್ಪ, ನಮ್ಮನೇವ್ಳ ಕಣ್ಣು ಯಾಕ್ ಕೀಳ್ತೀಯ? ಕೊಡಿಲ್ಲಿ, ಬ್ಯಾರನ್ ಒಲೆಗೆ ಆಕ್ಬುಡ್ತೀನಿ!"

"ಬೇಡಿ ಗೌಡ್ರೇ," ಎಂದೆ. "ಅದರ ಹೊಗೆಯೂ ಕಣ್ಣಿಗೆ ಕೆಟ್ಟದ್ದು."

ದಾಮೋದರನ್ ಗುದ್ದಲಿ ತಂದರು. ಗವಸು ತೊಟ್ಟು, ತಾವೇ ಎದೆಯುದ್ದ ಗುಂಡಿ ತೋಡಿ ಬಕೆಟ್ಟಿನ ಸಮೇತ ಹೂತರು. ಮಣ್ಣು ಮುಚ್ಚಿದ ಮೇಲೂ ಬಹಳ ಹೊತ್ತು ಅಲ್ಲೇ ಕೂತಿದ್ದರು. ನಾನೂ ಕೂತೆ.

ತಂಬಾಕು ಮಾರಾಟ ಶುರುವಾಗುವ ಹೊತ್ತಿಗೆ ಚೆಲುವಮ್ಮ ನನ್ನ ಕೋಣೆಗೆ ತಾವೇ ನಡೆದು ಬಂದರು. ಗೋಡೆಯ ಮೇಲಿನ ಚಾರ್ಟಿನ ಗುರುತು ಯಾವ ಕಡೆಗೆ ತಿರುಗಿದೆ ಎಂದು ಕೇಳುತ್ತ ಹೋದೆ. ಮೇಲೆ, ಎಡಕ್ಕೆ, ಕೆಳಗೆ ಎನ್ನುತ್ತ ಕೊನೆಯ ಸಾಲಿಗೆ ಬಂದರು.

"ಅದೂ ಕಾಣ್ತದೆ. ನಿಮ್ಮ ಸರ್ಟಿನ ಗುಂಡಿ ಕಿತ್ತೋಗಿರೋದೂ ಕಾಣ್ತದೆ. ಹೊಲ್ಕೊಡೋರು ಯಾರೂ ಇಲ್ವಾ ಸಾ?"

ನಕ್ಕೆ.

ಕಣ್ಣಿಗೆ ಏನು ಹಾಕಿದಿರಿ ಎಂಬ ಪ್ರಶ್ನೆಗಷ್ಟೇ ನಾನೀಗ ನಿಲ್ಲುವುದಿಲ್ಲ. ಅದರ ಹೆಸರನ್ನು ಹೇಳಿದವರು ಯಾರು, ಯಾವ ಊರಿನವರು, ಆ ಹೆಸರನ್ನು ನೀವು ಏನೆಂದು ತಿಳಿದಿರಿ ಎಂದೂ ಕೇಳುತ್ತೇನೆ. ಕೆಲಸ ನನಗೆ ಕಲಿಸಿದ್ದು ಇದು.

ಚೆಲುವಮ್ಮ ಚಾರ್ಟು ಓದಿದ ದಿನ ಬೇಗ ಊಟ ಮಾಡಿ ಮಲಗಿದೆ. ಬೆಳಿಗ್ಗೆ ಹಾಲಿನವನು ಬಾಗಿಲು ಬಡಿದಾಗ ಕಿಟಕಿಯಲ್ಲಿ ಬಿಸಿಲಿತ್ತು.

"ರಾತ್ರಿಯೆಲ್ಲ ಕರೆಂಟ್ ಇರ್ಲಿಲ್ವಲ್ಲ ಸಾರ್, ಸೆಕೆಗೆ ನಿದ್ದೆ ಬಂತಾ?" ಎಂದ.

ಕರೆಂಟು ಹೋಗಿದ್ದು ನನಗೆ ಗೊತ್ತೇ ಆಗಿರಲಿಲ್ಲ.