ಕೊಟ್ರೇಶನ ದಾಖಲೆ

ಸಿಟ್ಟಿಗೂ ವಯಸ್ಸಾಗುತ್ತದೆ, ಅದರ ಹಲ್ಲೂ ಉದುರುತ್ತವೆ ಎಂದು ತಿಳಿದವರು ಹೇಳುತ್ತಾರೆ. ನನ್ನ ಒಂದು ಸಿಟ್ಟಿನ ಹಲ್ಲು ಇನ್ನೂ ಅಲುಗಾಡಿಲ್ಲ. ಅದೂ ಎಂಥ ಘನವಾದ ವಿಷಯಕ್ಕೆ ಅಂತೀರಿ? ವಿಡಿಯೋ ಗೇಮಿಗೆ. ನಗಬೇಡಿ. ಪೂರ್ತಿ ಕೇಳಿ, ಆಮೇಲೆ ಬೇಕಾದರೆ ನಕ್ಕುಬಿಡಿ.

ತೊಂಬತ್ತರ ದಶಕದ ಕೊನೆಯಲ್ಲಿ ಕೊಟ್ಟೂರಿನ ಬಸ್ ನಿಲ್ದಾಣದ ಹಿಂದೆ ನನ್ನ ಸೋದರಮಾವ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ಬೀರುವಿನಷ್ಟು ಎತ್ತರದ ಎರಡು ಯಂತ್ರಗಳು. ಒಂದರಲ್ಲಿ ಕಾರು ಓಡಿಸುವುದು, ಇನ್ನೊಂದರಲ್ಲಿ ವಿಮಾನ ಹೊಡೆಯುವುದು. ನಾಣ್ಯ ಹಾಕಿದರೆ ಮೂರು ಜೀವ. ನಾನಾಗ ಕಾಲೇಜು ಹುಡುಗಿ. ಮಧ್ಯಾಹ್ನ ಮಾವನಿಗೆ ಬುತ್ತಿ ಒಯ್ಯುವುದು ನನ್ನ ಪಾಲಿನ ಕೆಲಸ. ಶಟರ್ ಅರ್ಧ ಇಳಿಸಿ ಅವನು ಉಣ್ಣಲು ಕೂತರೆ ನಾನು ವಿಮಾನದ ಯಂತ್ರದ ಮುಂದೆ ನಿಲ್ಲುತ್ತಿದ್ದೆ. ಅವನು ರೊಟ್ಟಿ ಮುಗಿಸಿ ಅನ್ನಕ್ಕೆ ಬರುವಷ್ಟರಲ್ಲಿ ನನ್ನ ಮೂರೂ ಜೀವ ಹೋಗಿರುತ್ತಿದ್ದವು. ಒಂದು ದಿನ ಮಾತ್ರ ಅವನು ಅನ್ನ ಉಂಡು, ಮಜ್ಜಿಗೆ ಕುಡಿದು, ಕೈ ತೊಳೆದು ಬಂದು ಬೆನ್ನ ಹಿಂದೆ ನಿಂತರೂ ನಾನು ಸತ್ತಿರಲಿಲ್ಲ. ಆ ಅಂಗಡಿಯಲ್ಲಿ ಅಲ್ಲಿಯವರೆಗೆ ಯಾರೂ ಮಾಡದ ಸ್ಕೋರು ಅದು.

ಗೆದ್ದವರ ಹೆಸರನ್ನು ಆ ಯಂತ್ರ ಕೇಳುತ್ತಿತ್ತು, ಆದರೆ ಮೂರೇ ಮೂರು ಇಂಗ್ಲಿಷ್ ಅಕ್ಷರ. ಕೆ, ಓ, ಟಿ ಎಂದು ಒತ್ತಿದೆ. ಕರೆಂಟು ಹೋದರೆ ಅಳಿಸಿಹೋಗುತ್ತದೆಂದು ಮಾವ ಅದನ್ನು ಸ್ಕೋರಿನ ಸಮೇತ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದ. ಅನ್ಯಾಯ ಶುರುವಾದದ್ದೇ ಅಲ್ಲಿಂದ. ನಮ್ಮೂರಲ್ಲಿ ಊರ ಸ್ವಾಮಿಯ ಹೆಸರಿಡದ ಮನೆಯಿಲ್ಲ. ಸಂತೆಯಲ್ಲಿ ನಿಂತು ‘ಕೊಟ್ರೇಶಾ’ ಎಂದು ಕೂಗಿದರೆ ಸಂತೆಗೆ ಸಂತೆಯೇ ತಿರುಗಿ ನೋಡುತ್ತದೆ. ಕೊಟ್ರೇಶ, ಕೊಟ್ರಪ್ಪ, ಕೊಟ್ರಯ್ಯ, ಕೊಟ್ರಬಸಪ್ಪ, ಎಲ್ಲರೂ ಆ ದಾಖಲೆ ತಮ್ಮದೇ ಎಂದರು. ಉಚ್ಚಂಗಿದುರ್ಗ ಗೆದ್ದವನು ನಾನೇ ಎಂದು ಹಿಂದೆ ಅರಸರು ಒಬ್ಬರಾದ ಮೇಲೊಬ್ಬರು ಬಿರುದು ಹಾಕಿಕೊಂಡರಂತೆ. ಅವರಾದರೂ ಕುದುರೆ ಹತ್ತಿ ಕೋಟೆಯವರೆಗೆ ಹೋಗಿದ್ದರು. ಇವರು ಮಧ್ಯಾಹ್ನ ಮನೆಯಲ್ಲಿ ಮಲಗಿದ್ದವರು! ಊರಲ್ಲಿ ನನ್ನಂಥ ಕೊಟ್ರಮ್ಮರೂ ಇದ್ದಾರೆ ಎಂಬುದು ಮಾತ್ರ ಒಬ್ಬನಿಗೂ ಹೊಳೆಯಲಿಲ್ಲ.

“ಅದು ನಂದು ಅಂತ ಹೇಳು ಮಾವ,” ಎಂದೆ.

“ಸುಮ್ಕಿರವ್ವ. ಕೊಟ್ರೇಶಗಳು ಜಗಳಾಡಿದಷ್ಟೂ ಅಂಗಡಿ ನಡಿತೈತಿ,” ಎಂದ.

ನಡೆಯಿತು ನಿಜ. ದಾಖಲೆ ಮುರಿಯಲು ಹುಡುಗರು ಸಾಲುಗಟ್ಟಿದರು. ಗೋಡೆ ನೋಡಿ “ಅವ ಮನಿಷಾನ ಅಲ್ಲಲೇ!” ಎಂದು ಬೆರಗಾಗುತ್ತಿದ್ದರು. ನಾನು ಖಾಲಿ ಬುತ್ತಿ ಹಿಡಿದುಕೊಂಡು ಅವರ ಪಕ್ಕದಲ್ಲೇ ಹಾದು ಮನೆಗೆ ಹೋಗಬೇಕಿತ್ತು.

ಅಷ್ಟರಲ್ಲಿ ಹಗರಿಬೊಮ್ಮನಹಳ್ಳಿಯಿಂದ ನನ್ನನ್ನು ನೋಡಲು ಒಂದು ಗಂಡು ಬಂತು. ಹೆಸರು ಕೇಳಬೇಕೇ? ಕೊಟ್ರೇಶ. ನಾನು ಉಪ್ಪಿಟ್ಟಿನ ತಟ್ಟೆ ಕೊಡುತ್ತಿರುವಾಗಲೇ ಅವನು ಮಾವನ ಕಡೆ ತಿರುಗಿ, “ನಿಮ್ಮ ಅಂಗಡ್ಯಾಗಿನ ರೆಕಾರ್ಡ್ ನಂದೇರಿ,” ಎಂದ. ಮಾವ ತಲೆ ಎತ್ತಿ ಮಾಡಿನ ಜಂತಿ ಎಣಿಸತೊಡಗಿದ.

ನನಗೆ ತಡೆಯಲಾಗಲಿಲ್ಲ. “ಹೌದೇನ್ರಿ? ದೊಡ್ಡ ವಿಮಾನ ಬಿದ್ದಮ್ಯಾಲೆ ಏನ್ ಬರತೈತ್ರಿ?”

“ಅದಕ್ಕಿಂತ ದೊಡ್ಡದು ಬರತೈತಿ,” ಎಂದ ಗಂಡು.

“ಏನೂ ಬರಂಗಿಲ್ರಿ. ಪರದಿ ಖಾಲಿ ಆಗತೈತಿ. ಆಮ್ಯಾಲೆ ಮೊದಲಿಂದ ಶುರು.”

ಅಪ್ಪನ ಕಣ್ಣು ಕೆಂಪಾಯಿತು. “ನಿನಗ ಹೆಂಗ ಗೊತ್ತು?”

ದಾಖಲೆ ನನ್ನದೆಂದು ಮಾವ ಬಾಯಿ ಬಿಡಲೇಬೇಕಾಯಿತು. ಸಂಬಂಧ ಮುರಿಯಿತು. ಸುಳ್ಳು ಹೇಳಿದವನಿಗೆ ಇನ್ನೊಂದು ತಟ್ಟೆ ಉಪ್ಪಿಟ್ಟು. ನಿಜ ಹೇಳಿದವಳಿಗೆ ‘ಹುಡುಗಿಗೆ ಬಾಯಿ ಬಾಳ’ ಎಂಬ ಸರ್ಟಿಫಿಕೇಟು. ಇದು ಯಾವ ಊರ ನ್ಯಾಯ, ನೀವೇ ಹೇಳಿ.

ಸುದ್ದಿ ಊರೆಲ್ಲ ಹಬ್ಬಿತು. ಅಲ್ಲಿಯವರೆಗೆ ಮನುಷ್ಯಮಾತ್ರದವರಿಂದ ಆಗದ ಸ್ಕೋರು ಒಂದೇ ಸಂಜೆಗೆ ಯಂತ್ರದ ದೋಷವಾಗಿಬಿಟ್ಟಿತು. “ಬಟನ್ ಕೆಟ್ಟಿತ್ತಲೇ, ಅದಕ್ಕ ಬಂದೈತಿ,” ಎಂದು ಕೊಟ್ರೇಶರೆಲ್ಲ ಒಮ್ಮತದಿಂದ ತೀರ್ಮಾನಿಸಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಕಟ್ಟಿದವನು ಗಂಡಸೇ ಇರಬೇಕು. ನೆಲ ಡೊಂಕು ಅನ್ನುವ ಗಂಡಸರನ್ನು ನಾನು ಸಾಲಾಗಿ ನೋಡಿದ್ದೇನೆ. ಅವರ ಮೇಲೆ ಒಂದು ಗಾದೆಯೂ ಇಲ್ಲ.

ಈಗ ಮಾವನಿಗೂ ಸಿಟ್ಟು ಬಂತು. ನನಗಾಗಿ ಅಲ್ಲ, ಯಂತ್ರದ ಮಾನಕ್ಕಾಗಿ. ಹೊಸ ಬಟನ್ ಹಾಕಿಸಿ, ಶಟರ್ ಪೂರ್ತಿ ಎತ್ತಿ, ಎಲ್ಲರೆದುರು ನನ್ನನ್ನು ನಿಲ್ಲಿಸಿದ. ಎರಡು ಜೀವ ಬೇಗನೆ ಕಳೆದುಕೊಂಡೆ. ಮೂರನೆಯದರಲ್ಲಿ ಹಳೆಯ ಸ್ಕೋರು ದಾಟಿದೆ. ಮಾವ ಗೋಡೆಯ ಹಳೆಯ ಅಕ್ಷರ ಅಳಿಸಿ, ನನ್ನ ಪೂರ್ತಿ ಹೆಸರನ್ನು ಕನ್ನಡದಲ್ಲಿ ಬರೆದ.

ಮರುದಿನದಿಂದ ಆ ಯಂತ್ರಕ್ಕೆ ಯಾರೂ ನಾಣ್ಯ ಹಾಕಲಿಲ್ಲ. ಎಲ್ಲರೂ ಕಾರಿನ ಕಡೆಗೆ. ಹುಡುಗಿಯ ಎದುರು ಸೋಲುವುದಕ್ಕಿಂತ ಆಡದೆ ಇರುವುದೇ ಮರ್ಯಾದೆ ಅಂದುಕೊಂಡರು. ಕೊನೆಗೆ ಮಾವ ಅದನ್ನು ಹಡಗಲಿ ಕಡೆಯವರಿಗೆ ಮಾರಿದ.

ಹೀಗಾಗಿ ನನ್ನ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ. ಇದನ್ನು ಕೇಳಿದವರು “ಅಂತೂ ಗೆದ್ದಿರಲ್ಲ, ಬಿಡಿ” ಎನ್ನುತ್ತಾರೆ. ಅವರ ಮೇಲೂ ನನಗೆ ಸಿಟ್ಟು ಬರುತ್ತದೆ. ಕೊಟ್ರೇಶನನ್ನು ಸೋಲಿಸಲು ಊರಿಗೆ ಊರೇ ಸಾಲು ನಿಂತಿತ್ತು. ನನ್ನನ್ನೂ ಸೋಲಿಸಬೇಕು ಅಂತ ಒಬ್ಬನಿಗಾದರೂ ಅನಿಸಬೇಕಿತ್ತಲ್ಲ!