ಮರಗೆಣಸಿನ ಮೈದಾ

ಹೊಸೂರಿನ ಹತ್ತಿರ ಜೂಜುವಾಡಿಯಲ್ಲಿ ಕಂಪನಿ ಬಸ್ಸು ಇಳಿದು ರಸ್ತೆ ದಾಟಿದರೆ ಎದುರಿಗೇ ಒಂದು ಬೇಕರಿ. ನಾವು ಇಳಿಯುವ ಹೊತ್ತಿಗೆ ಸರಿಯಾಗಿ ಅಲ್ಲಿ ಬನ್ನು ಬೇಯುತ್ತಿರುತ್ತದೆ. ಲಾರಿಗಳ ಹೊಗೆಯನ್ನೂ ಧೂಳನ್ನೂ ದಾಟಿಕೊಂಡು ಆ ವಾಸನೆ ಬಂದು ಮೂಗಿಗೆ ಬಡಿಯುತ್ತದೆ. ಡಾಲ್ಡಾ, ಸಕ್ಕರೆ, ಹದವಾಗಿ ಕೆಂಪಾಗುತ್ತಿರುವ ಮೈದಾ. ಜೊತೆಯಲ್ಲಿ ಇಳಿದ ಹೆಂಗಸರು ಪರ್ಸು ತೆಗೆಯುತ್ತಾರೆ. ನಾನು ಮಾತ್ರ ಸುತ್ತಲೂ ನೋಡುತ್ತೇನೆ. ಇಷ್ಟು ವರ್ಷವಾದರೂ ಆ ವಾಸನೆ ಬಂದ ತಕ್ಷಣ ನನ್ನ ಕಣ್ಣು ಹುಡುಕುವುದು ತಂಗಿಯನ್ನು. ಎಲ್ಲಿದ್ದಾಳೆ, ಬಾಯಿಗೆ ಏನು ಹಾಕಿಕೊಂಡಳು ಎಂದು. ತಂಗಿ ಸುಧಾ ಈಗ ಕೃಷ್ಣಗಿರಿಯಲ್ಲಿ ಟೀಚರು, ನನ್ನನ್ನೇ ಗದರಿಸುವಷ್ಟು ದೊಡ್ಡವಳು. ಆದರೂ ಹುಡುಕುತ್ತೇನೆ. ಹುಚ್ಚು ಅನ್ನಿ ಬೇಕಾದರೆ.

ನಮ್ಮ ಮನೆ ಇದ್ದದ್ದು ಅದೇ ಗಡಿ ಸೀಮೆಯ ಉದ್ದನಪಲ್ಲಿಯಲ್ಲಿ. ಈಗ ಆ ಜಾಗದಲ್ಲಿ ಯಾರದೋ ತಗಡಿನ ಗೋಡೌನು ನಿಂತಿದೆ. ಆ ಮನೆಯ ಅಡುಗೆಕೋಣೆಗೆ ಕಿಟಕಿ ಇತ್ತೆನ್ನುವುದು ಹೆಸರಿಗೆ ಮಾತ್ರ, ಬೆಳಕೆಲ್ಲ ಬರುತ್ತಿದ್ದದ್ದು ಹಿತ್ತಿಲ ಬಾಗಿಲಿಂದ. ಅಪ್ಪನ ತಾಯಿ, ನಮ್ಮಜ್ಜಿ, ಆ ಬೆಳಕಿನಲ್ಲಿ ಕಾಲು ಚಾಚಿ ಕೂತು ನಮ್ಮಿಬ್ಬರಿಗೂ ಕೈತುತ್ತು ಹಾಕುತ್ತಿದ್ದಳು. ಹಿತ್ತಾಳೆ ಬೋಗುಣಿಯಲ್ಲಿ ಬಿಸಿ ಅನ್ನ, ಅವರೆಕಾಳಿನ ಸಾರು, ಮೇಲೊಂದು ಚಮಚ ತುಪ್ಪ. ಅವಳು ಕಲಸುವಾಗ ಬಳೆಗಳು ಬೋಗುಣಿಯ ಅಂಚಿಗೆ ತಾಗಿ ಸದ್ದಾಗುತ್ತಿತ್ತು. ಆ ಸದ್ದು ಕೇಳಿದರೆ ಬೀದಿಯಲ್ಲಿ ಆಡುತ್ತಿದ್ದ ನಾವು ಕರೆಯದೆಯೇ ಓಡಿ ಬರುತ್ತಿದ್ದೆವು. ಸಂತೆಯಲ್ಲಿ ತಮಿಳು, ಕೋಪ ಬಂದರೆ ತೆಲುಗು, ಉಣ್ಣಿಸುವಾಗ ಕನ್ನಡ, ಇದು ಅಜ್ಜಿಯ ಭಾಷಾನೀತಿ. ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಇದ್ದಿದ್ದರೆ, ಅವಳು ಹೋದ ಮೇಲೆ ಊಟಕ್ಕೆ ಉಪ್ಪು ಹಾಕಿದರೂ ಸಪ್ಪೆ ಎನಿಸುವುದು ಹೇಗೆಂದು ನಾನು ಹೇಳಬೇಕಾಗಿಲ್ಲ.

ಸುಧಾಳಿಗೆ ಇನ್ನೂ ಶಾಲೆಗೆ ಸೇರುವ ವಯಸ್ಸಾಗಿರಲಿಲ್ಲ, ಆಗಲೇ ಅವಳ ಮೈ ಇಳಿಯತೊಡಗಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ತಿಂದದ್ದೆಲ್ಲ ಭೇದಿಯಾಗಿ ಹೋಗುತ್ತಿತ್ತು. ಕೂದಲು ಕೆಂಚಾಗಿ ಉದುರಿತು. ದೃಷ್ಟಿ ತೆಗೆಸಿದರು, ತಾಯಿತ ಕಟ್ಟಿಸಿದರು. ಮಗುವಿಗೆ ಮುದ್ದೆ ಅರಗುತ್ತಿಲ್ಲವೆಂದು ಯಾರೋ ಹೇಳಿದ್ದಕ್ಕೆ ಅಜ್ಜಿ ದಿನಾ ಗೋಧಿ ಹುರಿದು, ಬೀಸಿ, ಹಾಲು ಹಾಕಿ ಗಂಜಿ ಕಾಯಿಸಿ ಕುಡಿಸಿದಳು. ಎಷ್ಟು ಕುಡಿಸಿದರೆ ಅಷ್ಟು ಮಗು ಸೊರಗುತ್ತಾ ಹೋಯಿತು. ಕೊನೆಗೆ ಹೊಸೂರಿನ ಒಬ್ಬ ಮಕ್ಕಳ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ನಮ್ಮ ನಾಲಿಗೆಗೆ ತಿರುಗದ ಒಂದು ಕಾಯಿಲೆಯ ಹೆಸರು ಹೇಳಿ, "ಗೋದುಮೈ ಕೂಡವೇ ಕೂಡಾದು" ಎಂದರು. ಗೋಧಿ ಕೂಡದೇ ಕೂಡದು. ಚಪಾತಿ, ರವೆ, ಬ್ರೆಡ್ಡು, ಬಿಸ್ಕತ್ತು ಏನೂ ಕೊಡಬೇಡಿ, ಬದುಕಿರುವ ತನಕ. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ರಾಗಿ ಕೊಡಬಹುದಾ ಎಂದು. "ತಾರಾಳಮಾ ಕುಡುಂಗ" ಎಂದು ಡಾಕ್ಟರು ನಕ್ಕರು. ರಾಗಿ ಧಾರಾಳವಾಗಿ ಕೊಡಬಹುದು ಅಂದಮೇಲೆ ಉದ್ದನಪಲ್ಲಿಯವರಿಗೆ ಇನ್ನೇನು ಚಿಂತೆ? ಅಪ್ಪ ಆವತ್ತು ಬಸ್ಸಿನಲ್ಲಿ ಹಾಡು ಗುನುಗುತ್ತಾ ಬಂದ.

ಅಜ್ಜಿ ಮೊದಲು ನಂಬಲಿಲ್ಲ. "ಗೋಧಿ ತಿಂದು ಯಾರ್ಲಾ ಸತ್ತಿರೋದು?" ಎಂದು ಅಪ್ಪನನ್ನು ಕೇಳಿದಳು. ಆಮೇಲೆ ಯೋಚಿಸಿದಳೇನೋ, ಮಾರನೆಯ ದಿನ ಬೆಳಿಗ್ಗೆ ಗೋಧಿಯ ಡಬ್ಬ, ರವೆಯ ಡಬ್ಬ ಎರಡನ್ನೂ ತಾನೇ ಹೊತ್ತುಕೊಂಡು ಹೋಗಿ ಪಕ್ಕದ ಮನೆಗೆ ಕೊಟ್ಟು ಬಂದಳು. ಹಿಟ್ಟಿನ ಮಿಷನ್ನಿನಲ್ಲಿ ಯಾರೋ ಗೋಧಿ ಹಾಕಿಸಿದ ಮೇಲೆ ನಮ್ಮ ರಾಗಿ ಹಾಕಿದರೆ ಬೆರೆಯುತ್ತದೆಂದು ಅಮ್ಮನಿಗೆ ಹೊಳೆಯಿತು. ಮೂಲೆ ಸೇರಿದ್ದ ಬೀಸೋಕಲ್ಲು ಮತ್ತೆ ನಡುಮನೆಗೆ ಬಂತು, ಅತ್ತೆ ಸೊಸೆ ಎದುರುಬದುರು ಕೂತು ಬೀಸಿದರು. ಸುಧಾಳಿಗೆ ಬೇರೆ ಹೆಂಚು, ಬೇರೆ ತಟ್ಟೆ. ಅವಳ ಹುಟ್ಟಿದಹಬ್ಬಕ್ಕೆ ಅಮ್ಮ ಕುಕ್ಕರಿನ ತಳಕ್ಕೆ ಮರಳು ಹಾಕಿ, ರಾಗಿಹಿಟ್ಟು, ಬಾಳೆಹಣ್ಣು, ಬೆಲ್ಲ ಕಲಸಿ ಕೇಕು ಬೇಯಿಸಿದಳು. ಅದನ್ನು ಕತ್ತರಿಸಲು ಈಳಿಗೆಮಣೆ ಬೇಕಾಯಿತು. ಅಪ್ಪ ಒಂದು ಚೂರು ಬಾಯಿಗೆ ಹಾಕಿಕೊಂಡು, "ಇದ್ನ ಗೋಡೆ ಕಟ್ಟಕ್ಕೆ ಮಡಿಕ್ಕೊ" ಎಂದ. ಸುಧಾ ಮಾತ್ರ ಎರಡು ಚೂರು ತಿಂದಳು. ತಿಂದದ್ದು ಹೊಟ್ಟೆಯಲ್ಲಿ ನಿಂತಿತು. ಆ ತಿಂಗಳು ಅವಳ ಕೆನ್ನೆಯಲ್ಲಿ ಬಣ್ಣ ಕಂಡು ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡದ್ದು ನೆನಪಿದೆ.

ಇಲ್ಲಿ ನಮ್ಮ ಕಡೆಯ ಒಂದು ನಂಬಿಕೆಯನ್ನು ಹೇಳಬೇಕು. ನಮ್ಮ ಹೊಲದ ಅಂಚಿನಲ್ಲಿ ಮರಗೆಣಸು ಹಾಕುತ್ತಿದ್ದೆವು. ಕಿತ್ತ ಗೆಣಸು ಲಾರಿಯಲ್ಲಿ ಸೇಲಂ ಕಡೆಯ ಫ್ಯಾಕ್ಟರಿಗಳಿಗೆ ಹೋಗುತ್ತಿತ್ತು. ಅಲ್ಲಿ ಅದನ್ನು ಅರೆದು ಸಬ್ಬಕ್ಕಿ ಮಾಡುತ್ತಾರೆ, ಮೈದಾ ಮಾಡುತ್ತಾರೆ ಎಂದು ಊರಿಗೆ ಊರೇ ಹೇಳುತ್ತಿತ್ತು. ಅಂಗಡಿಯವನೂ ಹಾಗೇ ಹೇಳುತ್ತಿದ್ದ. ಗೆಣಸಿನ ಹಿಟ್ಟೂ ಬೆಳ್ಳಗೆ, ಮೈದಾನೂ ಬೆಳ್ಳಗೆ, ಅಂಟಿಗೆ ಎರಡೂ ಆಗುತ್ತಿತ್ತು. ಅನುಮಾನ ಪಡಲು ಕಾರಣವೇ ಇರಲಿಲ್ಲ. ಹಾಗಾಗಿ ಗೋಧಿಯ ಡಬ್ಬ ಮನೆ ಬಿಟ್ಟು ಹೋದರೂ ಮೈದಾದ ಡಬ್ಬ ಗೂಡಿನಲ್ಲೇ ಉಳಿಯಿತು. ಕೆನ್ನೆಗೆ ಬಣ್ಣ ಬಂದ ಮೇಲೆ ಬಿಸ್ಕತ್ತು ಬೇಡಿ ಅಳತೊಡಗಿದ ಮಗುವಿಗೆಂದು ಅಜ್ಜಿ ಅಕ್ಕಿಹಿಟ್ಟಿಗೆ ಒಂದೊಂದು ಹಿಡಿ ಮೈದಾ ಬೆರೆಸಿ ನಿಪ್ಪಟ್ಟು ತಟ್ಟತೊಡಗಿದಳು. ನಮ್ಮ ಹೊಲದ್ದೇ ಪದಾರ್ಥ, ಮಗುವಿಗೆ ಒಳ್ಳೆಯದು ಎಂದು.

ಯುಗಾದಿಗೆ ಒಬ್ಬಟ್ಟು. ಕಣಕ ಮೈದಾದ್ದು, ಎಣ್ಣೆಯಲ್ಲಿ ನೆನೆದು ರೇಷ್ಮೆಯಂತಾಗಿತ್ತು. ಬಹಳ ದಿನ ಬಾಯಿ ಕಟ್ಟಿದ್ದ ಮಗುವಲ್ಲವೇ, ಅಜ್ಜಿ ತಾನೇ ಮುರಿದು ಮುರಿದು ತಿನ್ನಿಸಿದಳು. ಹಬ್ಬದ ಮಾರನೆಯ ದಿನದಿಂದ ಸುಧಾ ಏಳಲಿಲ್ಲ. ವಾಂತಿ, ಭೇದಿ, ಕಣ್ಣು ಗುಳಿಬಿದ್ದವು. ಹೊಸೂರಿನಲ್ಲಿ ಡ್ರಿಪ್ಪು ಹಾಕಿಸಿ, ಅಮ್ಮನನ್ನು ಅವಳ ಜೊತೆ ಬಿಟ್ಟು, ಡಾಕ್ಟರು ಅಪ್ಪನನ್ನು ಪಕ್ಕಕ್ಕೆ ಕರೆದರು. ನಿಮ್ಮ ಮನೆಯಲ್ಲಿ ಯಾರೋ ಕದ್ದು ಗೋಧಿ ಕೊಡುತ್ತಿದ್ದಾರೆ, ಹೀಗೇ ಆದರೆ ಮಗು ಉಳಿಯುವುದಿಲ್ಲ ಎಂದರು. ಮಗು ಸ್ವಲ್ಪ ಚೇತರಿಸಿಕೊಂಡು ಮನೆಗೆ ಬಂದ ದಿನ ಅಪ್ಪ ಚಪ್ಪಲಿ ಬಿಡುವ ಮೊದಲೇ ಆ ಮಾತನ್ನು ಎಲ್ಲರ ಮುಂದೆ ಹೇಳಿದ. ಅಮ್ಮ ಅಜ್ಜಿಯ ಕಡೆ ನೋಡಿದಳು. ಆ ನೋಟ ಬೈಗುಳಕ್ಕಿಂತ ಹರಿತವಾಗಿತ್ತು.

"ಯಾಕಮ್ಮಿ ಅಂಗ್ ನೋಡ್ತೀಯ? ಬಾಯಿಬುಟ್ಟು ಏಳು" ಎಂದಳು ಅಜ್ಜಿ.

"ನಾನೇನ್ ಏಳ್ಲಿ ಅತ್ತೆ. ಗೋಧಿ ತಿಂದು ಯಾರು ಸತ್ತವ್ರೆ ಅಂತ ಅಂದಿದ್ದು ನೀವೇಯ."

ನಮ್ಮಲ್ಲಿ ಮಾತು ಅಲ್ಲಿಗೆ ಬಂದರೆ ಉಳಿಯುವುದು ಒಂದೇ ದಾರಿ. ದೇವರ ಮುಂದೆ ಕರ್ಪೂರ ಹಚ್ಚಿ, ಆ ಉರಿಯನ್ನು ಅಂಗೈಯಿಂದ ಬಡಿದು ಆರಿಸಿ ಸತ್ಯ ಮಾಡುವುದು. ಅಪ್ಪ "ಬ್ಯಾಡ ಕಣವ್ವ, ಬ್ಯಾಡ" ಎನ್ನುತ್ತಿದ್ದ ಹಾಗೇ ಅಜ್ಜಿ ದೇವರ ಗೂಡಿನ ಮುಂದೆ ಕೂತಳು. ಕಡ್ಡಿ ಗೀರಿ ಕರ್ಪೂರ ಹಚ್ಚಿದಳು. "ಈ ಮಗೀಗೆ ಒಂದು ಕಾಳು ಗೋಧಿ ನಾನು ಕೊಟ್ಟಿದ್ರೆ, ಈ ಕೈ ಇನ್ನು ಜನ್ಮದಾಗೆ ಇದ್ಕೆ ಉಣ್ಣಿಸ್ದೇ ಇರೋ ಅಂಗಾಗ್ಲಿ" ಎಂದು ಉರಿಯ ಮೇಲೆ ಅಂಗೈ ಬಡಿದಳು. ಕರ್ಪೂರದ ಘಾಟು ಮನೆಯನ್ನೆಲ್ಲ ತುಂಬಿತು. ಅಮ್ಮ ಗೋಡೆಗೆ ಒರಗಿ ಜೋರಾಗಿ ಅತ್ತಳು. ಅಪ್ಪ ಹೊರಗೆ ಹೋಗಿ ದನದ ಹಗ್ಗ ಬಿಚ್ಚಿ ಮತ್ತೆ ಅದೇ ಗೂಟಕ್ಕೆ ಕಟ್ಟಿದ.

ಅಜ್ಜಿಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ತಾನೂ ಬರುತ್ತೇನೆಂದು ಹಟ ಹಿಡಿದಳು. ಒಳ್ಳೆಯ ಸೀರೆ ಉಟ್ಟು, ನನ್ನ ಕೈ ಹಿಡಿದುಕೊಂಡು ಬಸ್ಸು ಹತ್ತಿದಳು. ಡಾಕ್ಟರ ಮೇಜಿನ ಮುಂದೆ ನಿಂತು, ಸುಟ್ಟ ಅಂಗೈ ತೋರಿಸಿ, ಸಂತೆಯ ತಮಿಳಿನಲ್ಲಿ ತಾನು ಮಗುವಿಗೆ ಕೊಡುವುದನ್ನೆಲ್ಲ ಒಪ್ಪಿಸತೊಡಗಿದಳು. ಮುದ್ದೆ, ಅನ್ನ, ಮೊಸರು, ಅಕ್ಕಿರೊಟ್ಟಿ, ಹಬ್ಬಕ್ಕೆ ಒಬ್ಬಟ್ಟು, ದಿನಾ ನಿಪ್ಪಟ್ಟು. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಒಬ್ಬಟ್ಟು ಯಾವ ಹಿಟ್ಟಿನದು ಎಂದು ಕೇಳಿದರು. ಮೈದಾ, ಮರಗೆಣಸಿನದು, ನಮ್ಮ ಹೊಲದಲ್ಲೇ ಬೆಳೆಯುತ್ತೇವೆ ಎಂದು ಅಜ್ಜಿ ಗೆದ್ದವಳ ಹಾಗೆ ಹೇಳಿದಳು. ಅಪ್ಪನೂ ಹೌದೆಂದು ತಲೆಯಾಡಿಸಿದ. ಅಮ್ಮನೂ ಆಡಿಸಿದಳು. ಡಾಕ್ಟರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತೇನೋ. "ಪಾಟ್ಟಿ, ಮೈದಾ ಗೋದುಮೈ ದಾನ್" ಎಂದರು ಮೆತ್ತಗೆ. ಮೈದಾ ಎಂದರೆ ಗೋಧಿಯೇ, ಅಜ್ಜಿ. ಅಜ್ಜಿ ಡಾಕ್ಟರ ಮುಖ ನೋಡಿದಳು, ಅಪ್ಪನ ಮುಖ ನೋಡಿದಳು, ಆಮೇಲೆ ಅಮ್ಮನ ಮಡಿಲಲ್ಲಿದ್ದ ಸುಧಾಳನ್ನು ನೋಡಿದಳು. ಸುಧಾ ನಕ್ಕು ಅವಳತ್ತ ಕೈ ಚಾಚಿದಳು. ಅಜ್ಜಿ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

ಮೈದಾದ ಡಬ್ಬ ತಿಪ್ಪೆ ಸೇರಿತು, ಸುಧಾ ಉಳಿದಳು. ಅಕ್ಕಿಹಿಟ್ಟನ್ನು ಕುದಿನೀರಲ್ಲಿ ತೊಳಸಿ, ಬಾಳೆಲೆಯ ಮೇಲೆ ತಟ್ಟಿ ಒಬ್ಬಟ್ಟಿಗೆ ಕಣಕ ಮಾಡುವುದನ್ನು ಅಮ್ಮ ಕಲಿತಳು. ಒಡೆದು ಹೂರಣವೆಲ್ಲ ಹೊರಗೆ ಬಂದರೂ ಅದೇ ನಮ್ಮ ಹಬ್ಬ. ಹೆಂಚಿನ ಮುಂದೆ ಅಜ್ಜಿ ಕೂರಲಿಲ್ಲ, ಸುಧಾಳಿಗೆ ತುತ್ತು ಹಾಕಲೂ ಇಲ್ಲ. ಅಮ್ಮ ಅವಳ ಕಾಲು ಹಿಡಿದಳು. "ನಿಮ್ಗೆ ಗೊತ್ತಿರ್ಲಿಲ್ಲ ಅತ್ತೆ, ನಂಗೂ ಗೊತ್ತಿರ್ಲಿಲ್ಲ. ದ್ಯಾವ್ರಿಗೆ ತಿಳೀದಾ?" ಎಂದು ಬೇಡಿಕೊಂಡಳು. "ದ್ಯಾವ್ರಿಗೆ ತಿಳೀತದೆ. ಮಾತು ನಂದಲ್ವಾ" ಎಂದಳು ಅಜ್ಜಿ. ನನಗೆ ಮಾತ್ರ ಕೈತುತ್ತು ಹಾಕುತ್ತಿದ್ದಳು. ಪಕ್ಕದಲ್ಲೇ ಸುಧಾ ಬಾಯಿ ತೆರೆದು ಕಾಯುತ್ತಿದ್ದಳು, ಹಕ್ಕಿಮರಿಯ ಹಾಗೆ. "ಅಮ್ಮನತ್ರ ಓಗು" ಎನ್ನುತ್ತಿದ್ದಳು ಅಜ್ಜಿ, ಅವಳ ಮುಖ ನೋಡದೆ. ಸ್ವಲ್ಪ ದಿನ ಕಾದು, ಅತ್ತು, ಆಮೇಲೆ ಆ ಮಗು ಬಾಯಿ ತೆರೆಯುವುದನ್ನೇ ಬಿಟ್ಟಿತು. ಮತ್ತೆ ಸ್ವಲ್ಪ ದಿನಕ್ಕೆ ನಾನೂ ಅಜ್ಜಿಯ ಮುಂದೆ ಕೂರುವುದನ್ನು ಬಿಟ್ಟೆ. ತಟ್ಟೆ ಹಾಕಿಕೊಂಡು ನಾನೇ ತಿನ್ನತೊಡಗಿದೆ. ಬೋಗುಣಿ ಅಟ್ಟ ಸೇರಿತು.

ಅಜ್ಜಿ ಹಾಸಿಗೆ ಹಿಡಿದಾಗ ಸುಧಾ ಕಾಲೇಜಿನಲ್ಲಿದ್ದಳು. ಕೊನೆಯ ದಿನಗಳಲ್ಲಿ ಗಂಜಿ ಕುಡಿಸಿದವಳು, ಬಾಯಿಗೆ ನೀರು ಬಿಟ್ಟವಳು ಅವಳೇ. ಅಜ್ಜಿ ಅವಳ ಕೈಯಿಂದ ಎಲ್ಲವನ್ನೂ ತೆಗೆದುಕೊಂಡಳು. ತನ್ನ ಕೈಗಳನ್ನು ಮಾತ್ರ ಕಂಬಳಿಯೊಳಗೇ ಇಟ್ಟುಕೊಂಡಿದ್ದಳು.

ಹೋದ ತಿಂಗಳು ಸುಧಾ ನಮ್ಮ ಮನೆಗೆ ಬಂದಿದ್ದಳು. ಅವಳ ಮಗಳಿಗೆ ನಾನು ಅನ್ನ ಕಲಸಿ ಉಣ್ಣಿಸುತ್ತಿದ್ದೆ. ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಅಕ್ಕ, ಅಜ್ಜಿ ತುತ್ತು ಎಂಗಿರ್ತಿತ್ತೇ? ನಂಗೆ ಜ್ಞಾಪಕಾನೇ ಇಲ್ಲ" ಎಂದಳು. ಉಪ್ಪು ಸ್ವಲ್ಪ ಜಾಸ್ತಿ ಇರುತ್ತಿತ್ತು ಎಂದೆ. ಅದು ನಿಜ. ಮಿಕ್ಕಿದ್ದನ್ನು ಹೇಳಲು ನನ್ನಿಂದ ಆಗಲಿಲ್ಲ. ಕರ್ಪೂರದ ಕತೆ ಅವಳಿಗೆ ಗೊತ್ತು, ಎಷ್ಟೋ ಸಲ ಹೇಳಿದ್ದೇನೆ. ಆದರೂ ಅದನ್ನೇ ಮತ್ತೆ ಹೇಳಿದೆ, ಅಜ್ಜಿ ಎಷ್ಟು ಸತ್ಯವಂತೆ ಎಂದೂ ಹೇಳಿದೆ. ಸುಧಾ ಮಗಳ ಬಾಯಿ ಒರೆಸಿದಳು. "ಸತ್ಯ ಮುರುದ್ಬುಟ್ಟಿದ್ರೂ ಆಗೋದು ಕಣಕ್ಕ" ಎಂದಳು. "ಒಂದೇ ಒಂದ್ ಸಲ."